ಹರಿಯದ ನೂಲು

ಬೆಟಗೇರಿಯ ಪ್ರತಿ ಮದುವೆಯಲ್ಲೂ ತಿಪ್ಪಣ್ಣನ ಹಾಡು ಮೊಳಗುತ್ತಿತ್ತು; ತಿಪ್ಪಣ್ಣನೊಬ್ಬನಿಗೆ ಅದು ನೆನಪಿರಲಿಲ್ಲ. ಕರಾರು ಎಲ್ಲ ಕಲಾವಿದರಿಗೂ ಒಂದೇ: ಹಾಡು ಕೊಂಡ ಕಂಪನಿ ಕೊಟ್ಟ ಮುಂಗಡ ತೀರುವವರೆಗೆ ಆ ಹಾಡು ಅದನ್ನು ಕಟ್ಟಿದವನ ತಲೆಯಲ್ಲಿ ಉಳಿಯುವಂತಿಲ್ಲ. ಹಾಡಿನ ಗಳಿಕೆಯೆಲ್ಲ ಮುಂಗಡಕ್ಕೇ ಜಮಾ ಆಗುತ್ತಿತ್ತು. ಆದರೆ ಸ್ಟುಡಿಯೋ ಬಾಡಿಗೆ, ಪೋಸ್ಟರು, ಬಿಡುಗಡೆಯ ದಿನದ ಊಟ, ಎಲ್ಲವೂ ಅದೇ ಮುಂಗಡದ ಮೇಲೆ ಬೀಳುತ್ತಿದ್ದವು. ಗೊತ್ತಿಲ್ಲದೆ ಅವನು ಅದನ್ನೇ ನುಡಿಸಿದರೆ, ಕ್ಲಾರಿಯೋನೆಟ್ಟಿನ ಬುಡಕ್ಕೆ ಕಂಪನಿ ಅಂಟಿಸಿದ ಗುಂಡಿ ಕೆಂಪಾಗಿ, ದಂಡವೂ ಸೇರುತ್ತಿತ್ತು.

ಬೆಳಿಗ್ಗೆ ಹೆಂಡತಿ ಶಂಕ್ರವ್ವ ಮಗ್ಗಕ್ಕೆ ಕೂತಳು. ಲಾಳಿ ಓಡತೊಡಗಿದ್ದೇ ತಡ, ತಿಪ್ಪಣ್ಣ ಎಂದಿನಂತೆ ಪಕ್ಕದಲ್ಲಿ ಕೂತು ವಾದ್ಯವನ್ನು ತುಟಿಗಿಟ್ಟ. ಮಗ್ಗದ ಸಪ್ಪಳದ ಬೆನ್ನು ಹಿಡಿದು ಸ್ವರಗಳು ಹೊರಟವು. ಮುಂದಿನವು ಯಾವುವೆಂದು ಶಂಕ್ರವ್ವನಿಗೆ ಗೊತ್ತಿತ್ತು. ಆ ಹಾಡು ಹುಟ್ಟಿದ್ದೇ ಈ ಮಗ್ಗದ ಪಕ್ಕದಲ್ಲಿ.

"ಶಂಕ್ರಾ, ಹೊಸಾದೊಂದು ಬರಾಕತ್ತೇತಿ ನೋಡು! ಇದನ್ನ ಕಂಪನಿಗೆ ಕೊಟ್ರ ಮುಂಗಡ ಪೂರಾ ತೀರತೈತಿ."

ಅವನು ಮತ್ತೆ ಊದಿದ. ಇನ್ನೂ ಕೆಂಪಾಗದ ಗುಂಡಿ ಮಿಣುಕತೊಡಗಿತು. ಶಂಕ್ರವ್ವ ಮಗ್ಗ ನಿಲ್ಲಿಸಿದಳು. ಸ್ವರವೂ ತಡವರಿಸಿ ನಿಂತಿತು.

"ಯಾಕ ನಿಲ್ಲಿಸಿದಿ? ಇನ್ನೇನ ಸಿಕ್ಕಿತ್ತು."

ಇದು ಅವನದೇ ಹಳೆಯ ಹಾಡೆಂದು ನಿಜ ಹೇಳಿಯೂ ನೋಡಿದ್ದಳು. ಹಾಡಿನ ಜೊತೆ ಆ ಮಾತೂ ಅವನ ತಲೆಯಿಂದ ಅಳಿಸಿಹೋಗುತ್ತಿತ್ತು.

"ನೂಲು ಹರೀತ್ರಿ," ಎಂದು, ನಿನ್ನೆಯಂತೆಯೇ, ಹರಿಯದ ನೂಲಿನ ಮೇಲೆ ಬಾಗಿ ಗಂಟು ಹಾಕುವವಳಂತೆ ಬೆರಳಾಡಿಸಿದಳು.

"ಇರ್ಲಿ, ಲಗೂನ ಕಟ್ಟು."

ಸಂಜೆಯೊಳಗೆ ಸೀರೆ ಮುಗಿಯಬೇಕಿತ್ತು. ತಿಪ್ಪಣ್ಣ ವಾದ್ಯವನ್ನು ತುಟಿಗಿಟ್ಟುಕೊಂಡೇ ಕಾಯುತ್ತಿದ್ದ.