ಹಳೆಯ ಲೈಸೆನ್ಸು, ಹೊಸ ಯಂತ್ರ

“ಮನೆಯಲ್ಲಿ ಎಷ್ಟು ಜನ ಇದ್ದೀರಿ?”

ಕಂಪ್ಯೂಟರಿನವನು ಹೊಸ್ತಿಲಲ್ಲೇ ನಿಂತು ಕೇಳಿದ ಮೊದಲ ಪ್ರಶ್ನೆ ಅದು. ತಂಗಿ ತೆರೆದ ಬಾಗಿಲನ್ನು ಅರ್ಧ ಮುಚ್ಚಿದಳು. ಯಂತ್ರ ಜೋಡಿಸಲು ಬಂದವನಿಗೆ ಮನೆಮಂದಿಯ ಲೆಕ್ಕವೇಕೆ? ಅವಳು ಐದು ಜನ ಎಂದಳು. ಅದೇ ಗಳಿಗೆಗೆ ಒಳಗಿನಿಂದ ಅಕ್ಕ, ಇಬ್ಬರು ಎಂದು ಕೂಗಿದಳು. ಅವನು ಚಪ್ಪಲಿಗಳ ಕಡೆ ಒಮ್ಮೆ ನೋಡಿ, ಕಾಗದದಲ್ಲಿ ಎರಡು ಎಂದು ಬರೆದುಕೊಂಡ.

ಇಂಥ ಅಕ್ಕನನ್ನು ಕಟ್ಟಿಕೊಂಡು ಬಚ್ಚಿಟ್ಟುಕೊಂಡು ಬದುಕುವುದು ಹೇಗೆ ಹೇಳಿ. ಒಂದೂವರೆ ವರ್ಷದಿಂದ ತಂಗಿ ಪಟ್ಟ ಪಾಡು ಒಂದೆರಡಲ್ಲ. ಗಂಡನ ಮನೆ ಬಿಟ್ಟು ಬಂದ ದಿನವೇ ಫೋನ್ ನಂಬರ್ ಬದಲಾಯಿಸಿದಳು. ಬ್ಯಾಂಕ್ ಬದಲಾಯಿಸಿದಳು. ಗೇಟಿನ ಮೇಲೆ ಹೆಸರಿಲ್ಲ, ಟಪಾಲು ಬರುವುದು ಪಕ್ಕದ ಅಂಗಡಿಗೆ. ಅವಳ ಬಲಗೈ ಮಣಿಕಟ್ಟನ್ನು ಮುರಿದ ಗಂಡ, ಮುಂದಿನ ಸಲ ಕೈಯಲ್ಲ, ಕುತ್ತಿಗೆ ಎಂದಿದ್ದ. ಹೇಳಿದ್ದನ್ನು ಮಾಡುವ ಪೈಕಿ ಅವನು. ಅದಕ್ಕೇ ಅವಳಿಗೆ ಈಗಲೂ ಕರೆಗಂಟೆ ಕೇಳಿದರೆ ಜೀವ ಬಾಯಿಗೆ ಬರುತ್ತಿತ್ತು.

ಹೊರಡುವಾಗ ಒಡವೆ ಬಿಟ್ಟು ಕಂಪ್ಯೂಟರ್ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದಿದ್ದಳು. ಅವಳ ಅನ್ನ ಅದರಲ್ಲಿತ್ತು. ಕಸೂತಿ ಯಂತ್ರಗಳಿಗೆ ಹೂವು ಬಳ್ಳಿ ಬರೆದುಕೊಡುವುದು ಅವಳ ಕೆಲಸ. ಆ ಯಂತ್ರಗಳಿಗೆ ತಿಳಿಯುವುದು ಒಂದೇ ಒಂದು ಆಪರೇಟಿಂಗ್ ಸಿಸ್ಟಮ್ಮಿನ ಭಾಷೆ. ಊರಲ್ಲಿ ಅದರ ಹೆಸರು ಕೇಳಿದವರು ಹತ್ತು ಜನ ಸಿಕ್ಕರೆ ಹೆಚ್ಚು. ಅದೂ ಮಹಾ ಹಟಮಾರಿ: ಎಲ್ಲ ಕಂಪ್ಯೂಟರಿಗೂ ಒಗ್ಗುವುದಿಲ್ಲ, ಒಂದು ಲೈಸೆನ್ಸಿಗೆ ಒಂದೇ ಕಂಪ್ಯೂಟರ್, ಬರೆದ ಚಿತ್ರಗಳೆಲ್ಲ ಆ ಲೈಸೆನ್ಸು ಇದ್ದರೆ ಮಾತ್ರ ತೆರೆಯುತ್ತವೆ. ಕಳೆದ ವಾರ ಹಳೆಯ ಯಂತ್ರದ ಮದರ್‌ಬೋರ್ಡ್ ಸುಟ್ಟುಹೋಯಿತು. ನಾಲ್ಕು ದಿನ ತಡೆದಳು. ಐದನೆಯ ದಿನ ವಿಧಿಯಿಲ್ಲದೆ ಆ ಸಿಸ್ಟಮ್ ಮಾರುವ ಕಂಪನಿಗೆ ಫೋನ್ ಮಾಡಿ, ಪೆಟ್ಟಿಗೆಯ ಮೇಲಿದ್ದ ಲೈಸೆನ್ಸ್ ನಂಬರನ್ನು ಓದಿ ಹೇಳಿದಳು. ನಂಬರು ಚಾಲ್ತಿಯಲ್ಲೇ ಇದೆ, ಹೊಸ ಯಂತ್ರಕ್ಕೆ ವರ್ಗ ಮಾಡಬಹುದು ಎಂದರು. ಈ ವರ್ಷದ ನವೀಕರಣಕ್ಕೆ ತಾನು ಅರ್ಜಿಯನ್ನೇ ಹಾಕಿರಲಿಲ್ಲ. ಆದರೂ ಚಾಲ್ತಿಯಲ್ಲಿದೆಯಲ್ಲ, ಪುಣ್ಯಾತ್ಮರು ಎಂದುಕೊಂಡಿದ್ದಳು.

ಅವನು ಕೆಲಸಕ್ಕೆ ಕೂತ. ಅಕ್ಕ ಪಕ್ಕದಲ್ಲೇ ಬಟ್ಟೆ ಹರಡಿಕೊಂಡು ದೊಡ್ಡ ಕತ್ತರಿ ಹಿಡಿದಳು. ಬಟ್ಟೆ ಕತ್ತರಿಸುವುದು ನೆಪ, ಕಣ್ಣೆಲ್ಲ ಅವನ ಕುತ್ತಿಗೆಯ ಮೇಲೆ. ಅವನೋ, ಕೈ ಕೆಲಸ ಮಾಡುತ್ತಿದ್ದರೂ ಬಾಯಿ ಸುಮ್ಮನಿರಲಿಲ್ಲ. ಈ ಮನೆಗೆ ಬಂದು ಎಷ್ಟು ದಿನವಾಯಿತು, ಯಂತ್ರ ಇಲ್ಲೇ ಇರುತ್ತದೆಯೋ ಬೇರೆಡೆಗೆ ಸಾಗಿಸುತ್ತೀರೋ ಎಂದೆಲ್ಲ ಕೇಳಿದ. ಸಿಸ್ಟಮ್ ಅರ್ಧ ಇನ್‌ಸ್ಟಾಲ್ ಆಗಿದ್ದಾಗ ಅವನು ಎದ್ದು, ಒಳಗೆ ಸಿಗ್ನಲ್ ಇಲ್ಲವೆಂದು ಫೋನ್ ಹಿಡಿದು ಮೆಟ್ಟಿಲಿಗೆ ಹೋದ.

ತಂಗಿ ಬಾಗಿಲ ಹಿಂದೆ ಕಿವಿಗೊಟ್ಟು ನಿಂತಳು.

“ಹೌದು ಸಾರ್... ಇಬ್ಬರೇ... ಮೇಲಿನ ಮಹಡಿ, ಹಸಿರು ಗೇಟು.”

ಅವಳು ಒಳಗೆ ಓಡಿ ಅಕ್ಕನ ಕಿವಿಯಲ್ಲಿ ಹೇಳಿದಳು: “ಅವನೇ ಇವನನ್ನು ಕಳಿಸಿದ್ದಾನೆ ಕಣೇ. ಹಿಂದಿನಿಂದ ಹೋಗಿಬಿಡೋಣ.”

“ಸುಮ್ನೆ ಇರೇ. ಮೊದಲು ಕಂಪನಿಗೆ ಫೋನ್ ಮಾಡು,” ಎಂದಳು ಅಕ್ಕ.

ಸ್ನಾನದ ಮನೆಯ ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟು, ತಂಗಿ ಫೋನ್ ಮಾಡಿದಳು. ಅತ್ತಲಿನ ಹೆಂಗಸಿನ ದನಿಯಲ್ಲಿ ಬೇಸರವೂ ಇತ್ತು, ನಗುವೂ ಇತ್ತು. ಅವನು ನಮ್ಮವನೇ, ಹನ್ನೊಂದು ವರ್ಷದಿಂದ ಇದ್ದಾನೆ, ಎಡಗಿವಿ ಹತ್ತಿರ ಮಚ್ಚೆ ಇದೆ ನೋಡಿಕೊಳ್ಳಿ ಎಂದಳು. ಒಬ್ಬರಿಗಿಂತ ಹೆಚ್ಚು ಜನ ಬಳಸುತ್ತಾರೇನೋ ಎಂದು ಮನೆಮಂದಿಯನ್ನು ಕೇಳಬೇಕು, ವರ್ಗ ಮಾಡುವ ಮೊದಲು ಫೋನ್ ಮಾಡಿ ಹೊಸ ವಿಳಾಸವನ್ನು ಖಚಿತಪಡಿಸಬೇಕು, ಎಲ್ಲ ನಿಯಮವೇ. ಗಾಬರಿ ಪಡಬೇಡಿ, ಒಪ್ಪಿಗೆಯೂ ಬಂದಾಗಿದೆ ಎಂದಳು.

ತಂಗಿ ನಲ್ಲಿ ನಿಲ್ಲಿಸಿ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು. ಎಂಥ ಹೆದರುಪುಕ್ಕಿಯಾಗಿಬಿಟ್ಟೆ ನಾನು ಎಂದು ತನ್ನ ಮೇಲೆಯೇ ಕೋಪ ಬಂತು. ಮುಖ ತೊಳೆದು ಹೊರಗೆ ಬಂದಾಗ ಅವನ ಎಡಗಿವಿಯ ಹತ್ತಿರ ಮಚ್ಚೆ ಇದ್ದೇ ಇತ್ತು. ಪಾಪ, ಎರಡು ಗಂಟೆ ಬಗ್ಗಿ ದುಡಿದವನಿಗೆ ಒಂದು ಲೋಟ ನೀರನ್ನೂ ಕೊಟ್ಟಿರಲಿಲ್ಲ. ಅಕ್ಕ ಕತ್ತರಿ ಪಕ್ಕಕ್ಕಿಟ್ಟು ಚಹಾ ಮಾಡಲು ಎದ್ದಳು. ನಿಮ್ಮನ್ನು ಕಳ್ಳ ಎಂದುಕೊಂಡಿದ್ದೆವು ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಾಗ ಅವನೂ ನಕ್ಕ.

ಪರದೆ ಬೆಳಗಿತು. ಮೊದಲು ಬಳ್ಳಿ, ಆಮೇಲೆ ಹೂವು, ಆಮೇಲೆ ಮೂರು ವರ್ಷದ ಹಿಂದೆ ಬರೆದ ಜೋಡಿ ನವಿಲು, ಎಲ್ಲವೂ ಒಂದೊಂದಾಗಿ ತೆರೆದುಕೊಂಡವು. ತಂಗಿ ಎಷ್ಟೋ ತಿಂಗಳ ನಂತರ ಬಾಯಿತುಂಬ ನಕ್ಕಳು. ಬಾಗಿಲ ಚಿಲಕ ಹಾಕುವುದನ್ನೂ ಮರೆತಿದ್ದಳು. ಅವನು ಚಹಾ ಮುಗಿಸಿ ಚೀಲ ಹೆಗಲಿಗೇರಿಸಿದಾಗ, ವರ್ಗಾವಣೆಯ ಕಾಗದಕ್ಕೆ ತಾನು ಎಲ್ಲಿ ಸಹಿ ಹಾಕಬೇಕೆಂದು ಪೆನ್ನು ಹಿಡಿದು ಕೇಳಿದಳು.

“ನಿಮ್ಮ ಸಹಿ ಬೇಡ ಮೇಡಂ, ಲೈಸೆನ್ಸ್ ಇರೋದು ನಿಮ್ಮ ಯಜಮಾನರ ಹೆಸರಲ್ಲಲ್ವಾ, ಆಗ ಮೆಟ್ಟಿಲ ಹತ್ರ ಮಾತಾಡಿದ್ದು ಅವರ ಜೊತೆನೇ, ಒಪ್ಪಿಗೆ ಕೊಟ್ಟು, ವಿಳಾಸ ಬರ್ಕೊಂಡು, ಈಗಲೇ ಹೊರಟೆ ಅಂದ್ರು.”