ರಾಬರ್ಟಿಗೆ ಖಾರ ಆಗದು

ರುದ್ರೇಶ ಬರೆದ ಕೋಡ್ ಕಂಡು ಅಮೆರಿಕದ ಮೂವರು ಇಂಜಿನಿಯರುಗಳು ನಾಚಿಕೆಯಿಂದ ರಾಜೀನಾಮೆ ಕೊಟ್ಟು, ಕಳಸದ ಕಡೆ ಕಾಫಿ ಕೊಯ್ಯಲು ಸೇರಿಕೊಂಡಿದ್ದರಂತೆ. ಮೂಡಿಗೆರೆಯ ತನ್ನ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಅವನೇ ಹೇಳಿದ್ದು. ಕೃಷ್ಣಮ್ಮ ನಂಬಲಿಲ್ಲ. ಆದರೆ ಜಾವಳಿಯ ತಮ್ಮ ಹೋಮ್‌ಸ್ಟೇಗೆ ವೆಬ್‌ಸೈಟ್ ಬೇಕಿತ್ತು. ೨೦೦೮ರಲ್ಲಿ ಆ ಕೆಲಸಕ್ಕೆ ಅವರಿಗೆ ಗೊತ್ತಿದ್ದವನು ಅವನೊಬ್ಬನೇ.

“ಬುಕಿಂಗ್ ಪ್ಲಗಿನ್ ಹಾಕ್ಕೊಡ್ತೀನಮ್ಮಾ. ವೆಬ್‌ಸೈಟಿಗೆ ಸಿಕ್ಕಿಸೋ ಮಿಷನ್ ಇದ್ದಂಗೆ. ಗೆಸ್ಟ್ ಅಲ್ಲೇ ರೂಮ್ ಹಿಡೀತಾರೆ. ಬೇರೆಯವ್ರು ಬಿಟ್ಟಿ ಮಾದರಿ ಇಳಿಸ್ಕೊಂಡು ಮೇಲೆ ತಮ್ಮ ಹೆಸರು ಅಂಟಿಸ್ತಾರೆ. ನಂದು ಮೊದಲಕ್ಷರದಿಂದ ಸ್ವಂತ.”

ಮಿಷನ್ ಸಿಕ್ಕಿಸಿದ ದಿನವೇ ಪರದೆಯ ಮೇಲೆ ಗೆಸ್ಟ್ ಬಿದ್ದ. ರಾಬರ್ಟ್ ಬ್ರೌನ್. ಇಬ್ಬರು. ನಾಳೆ.

“ಯಾರಪ್ಪಾ ಇವ್ನು?”

ರುದ್ರೇಶ ಒಂದು ಗಳಿಗೆ ಪರದೆಯನ್ನೇ ನೋಡಿದ. “ಸ್ಕಾಟ್ಲೆಂಡಿನ ದೊಡ್ಡ ಪ್ಲಾಂಟರ್. ನಾನೇ ಮಾತಾಡಿದೀನಿ. ಖಾರ ಒಂದು ಆಗಲ್ವಂತೆ.”

ಕೃಷ್ಣಮ್ಮ ಮೆಣಸು ಸೋಕಿಸದೆ ನಾಟಿಕೋಳಿ ಸಾರು ಮಾಡಿ, ಕಡುಬು ಬೇಯಿಸಿ ಕಾದರು. ರಾಬರ್ಟ್ ಬರಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ, “ನಾಳೆ ಅಂತಿದೆಯಮ್ಮಾ. ದೊಡ್ಡವ್ರ ಪ್ರೋಗ್ರಾಂ, ಮುಂದಕ್ಕೆ ಹೋಯ್ತು” ಎಂದ ರುದ್ರೇಶ. ಮರುದಿನವೂ ನಾಳೆ. ಅದರ ಮರುದಿನ ಚಾರ್ಮಾಡಿ ಘಾಟಿಯ ರಸ್ತೆಗೆ ಮರ ಬಿದ್ದಿತ್ತು. ಆಮೇಲೆ ರಾಬರ್ಟನ ಹೆಂಡತಿಗೆ ನೆಗಡಿ.

ಬರುತ್ತೇನೆಂದ ನೆಂಟನ ಕೋಣೆಯನ್ನು ಇನ್ನೊಬ್ಬರಿಗೆ ಬಿಡುವುದು ಆ ಮನೆಯ ಪದ್ಧತಿಯಲ್ಲ. ಮೈಸೂರಿನವರು ಕೇಳಿದರು, ಹಾಸನದವರು ಕೇಳಿದರು. ಇದ್ದದ್ದು ಒಂದೇ ಕೋಣೆ; ಇಲ್ಲವೆಂದು ಇಬ್ಬರನ್ನೂ ಸಾಗಹಾಕಿದ್ದಾಯಿತು.

ಕೊನೆಗೆ ಒಂದು ಬೆಳಿಗ್ಗೆ ಸಂಶಯ ಹುಟ್ಟಿತು. ಕೃಷ್ಣಮ್ಮನ ತಮ್ಮ ಪುಟ್ಟಸ್ವಾಮಿಯೂ ಆಗಷ್ಟೇ ಹೋಮ್‌ಸ್ಟೇ ತೆರೆದಿದ್ದ. ರಸ್ತೆಯಿಂದ ಬಂದರೆ ಮೊದಲು ಸಿಗುವುದು ಅವನ ಗೇಟು. ಎರಡು ತೋಟಗಳ ನಡುವಿನ ಬೇಲಿಯಲ್ಲಿ ಗಳು ಸರಿಸಿ ಓಡಾಡುವ ಉಣುಗೋಲು ದಾಟಿ ಅವರು ತಮ್ಮನ ಅಡುಗೆಮನೆಗೆ ಹೋದರು. ಯಾರೂ ಇರಲಿಲ್ಲ. ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿತ್ತು. ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದರು.

ಖಾರವೇ ಇಲ್ಲ.

ಸೂಜಿಮೆಣಸು ಕಚ್ಚಿಕೊಂಡು ಗಂಜಿ ಉಣ್ಣುವ ಮನೆ ಅದು! ಕೃಷ್ಣಮ್ಮ ಅಲ್ಲಿಂದಲೇ ಬಸ್ಸು ಹತ್ತಿ ಮೂಡಿಗೆರೆಯಲ್ಲಿ ಇಳಿದು ಅಂಗಡಿಗೆ ನುಗ್ಗಿದರು.

“ನನ್ ರಾಬರ್ಟ್‌ನ ಪುಟ್ಟಸ್ವಾಮಿ ದಾರೀಲೇ ಹಿಡ್ಕಂಡಿದಾನೆ. ಆ ಪ್ಲಾಂಟರ್‌ಗೇ ಫೋನ್ ಹಚ್ಚು, ಕೇಳೇಬಿಡ್ತೀನಿ. ಹೌದು ಅಂದ್ರೆ ಇವತ್ತೇ ಉಣುಗೋಲಿಗೆ ಮುಳ್ಳು ಜಡಿಸ್ತೀನಿ. ಅವನ ಮನೆ ನೀರು ಇನ್ನು ನಂಗೆ ಬ್ಯಾಡ.”

“ಲೈನ್ ಸಿಗ್ತಿಲ್ಲಮ್ಮಾ,” ಎಂದ ರುದ್ರೇಶ. ಫೋನ್ ಮುಟ್ಟಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಪುಟ್ಟಸ್ವಾಮಿ ನಿಂತಿದ್ದ. ಮುಖ ಕೆಂಡವಾಗಿತ್ತು.

“ಅಕ್ಕಾ, ನೀನಿಲ್ಲೇ ಇದೀಯಾ? ಒಡಹುಟ್ಟಿದವಳು ಮಾಡೋ ಕೆಲ್ಸನೇನೇ ಇದು? ನನ್ ಗೆಸ್ಟ್‌ನ ಹೊತ್ಕಂಡು ಹೋಗಿದೀಯಲ್ಲ! ದಿನಾ ನಿಮ್ಮನೆ ಕಡೆಯಿಂದ ಕೋಳಿ ವಾಸ್ನೆ!”

“ಯಾವ ಗೆಸ್ಟೋ?”

“ರಾಬರ್ಟು! ಇವನೇ ಹಾಕ್ಕೊಟ್ಟ ಮಿಷನ್‌ನಾಗೆ ಬಂದವ್ನು. ಖಾರ ಆಗಲ್ಲ ಅಂತ ಇವನೇ ಹೇಳಿದ್ದ!”

ಅಕ್ಕ ತಮ್ಮನ ಮುಖ ನೋಡಿದರು. ತಮ್ಮ ಅಕ್ಕನ ಮುಖ ನೋಡಿದ. ಆಮೇಲೆ ಇಬ್ಬರೂ ರುದ್ರೇಶನ ಕಡೆ ತಿರುಗಿದರು.

“ಹೇಳು ಮಾರಾಯ,” ಎಂದರು ಕೃಷ್ಣಮ್ಮ, ತುಂಬ ಮೆತ್ತಗೆ. “ಎಲ್ಲಿದಾನೆ ಅವ್ನು?”

ರುದ್ರೇಶ ಕುರ್ಚಿಯಿಂದ ಎದ್ದು ನಿಂತ. “ಎಲ್ಲೂ ಇಲ್ಲಮ್ಮಾ. ಆ ಕೋಡು ನಾನು ಬರೆದಿದ್ದಲ್ಲ, ಇಂಟರ್‌ನೆಟ್ಟಿಂದ ಇಳಿಸಿದ ಬಿಟ್ಟಿ ಮಾದರಿ. ಬುಕಿಂಗ್ ಹೆಂಗೆ ಕಾಣುತ್ತೆ ಅಂತ ತೋರ್ಸಕ್ಕೆ ಅದ್ರೊಳಗೆ ಒಬ್ಬ ಗೆಸ್ಟ್‌ನ ಮೊದ್ಲೇ ಕೂರಿಸಿರ್ತಾರೆ, ಯಾವತ್ತು ನೋಡಿದ್ರೂ ನಾಳೆ ಬರೋ ಹಂಗೆ. ಅವನನ್ನ ತೆಗೆಯೋದು ಹೆಂಗೆ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ.”