ನಾಲ್ಕನೇ ಬೋರು

ಬಕೆಟ್ಟಿನ ಮೇಲೆ ಹುಲ್ಲು ಮುಚ್ಚಿಕೊಂಡು ಮುನಿವೆಂಕಟಮ್ಮ ದಿಣ್ಣೆ ಹತ್ತುತ್ತಿದ್ದಳು. ನೋಡಿದವರು ಹಸುವಿಗೆ ಮೇವು ಎಂದುಕೊಳ್ಳಬೇಕು. ಹುಲ್ಲಿನ ಕೆಳಗಿದ್ದದ್ದು ಕಂಪನಿಯ ಗುಂಡಿಯಿಂದ ಸೋರುವ ಕಪ್ಪು ನೀರು. ಕಾವಲುಗಾರ ಊಟಕ್ಕೆ ಕೂತ ಹೊತ್ತು ನೋಡಿ ಕಾಂಪೌಂಡಿನ ಹಿಂದಿನ ಮೋರಿಯಿಂದ ಮೊಗೆದು ತಂದಿದ್ದಳು. ತನ್ನ ಹೊಲದ ಬೋರಿನ ಬಳಿ ನಿಂತು, ಸುತ್ತ ಒಮ್ಮೆ ಕಣ್ಣಾಡಿಸಿ, ಪೈಪಿನ ಮುಚ್ಚಳ ಸರಿಸಿ ಅಷ್ಟನ್ನೂ ಒಳಗೆ ಸುರಿದಳು.

ಇದು ಎಂಟನೇ ದಿನ. ತನ್ನ ಬೋರಿಗೆ ತಾನೇ ವಿಷ ಹಾಕುವವರು ಉಂಟೇ? ಉಂಟು. ಅವಳಿಗೇನೂ ತಲೆ ಕೆಟ್ಟಿರಲಿಲ್ಲ. ಊರಿನವರಿಗಿಂತ ಒಂದು ಹೆಜ್ಜೆ ಮುಂದೆ ಯೋಚಿಸಿದ್ದಳು, ಅಷ್ಟೆ.

ತ್ಯಾಮಗೊಂಡ್ಲು ಕಡೆಯ ಆ ಊರಿನಲ್ಲಿ ತಗ್ಗಿನಲ್ಲಿ ಮನೆಗಳು, ದಿಣ್ಣೆಯ ತುದಿಯಲ್ಲಿ ಅವಳ ಹೊಲ, ಎರಡರ ನಡುವೆ ಕಂಪನಿಯ ಗುಂಡಿ. ಎಲ್ಲೆಲ್ಲಿಯದೋ ಫ್ಯಾಕ್ಟರಿಗಳ ವಿಷದ ಕಸ ಲಾರಿಯಲ್ಲಿ ಬಂದು ಅಲ್ಲಿ ಹೂತುಹೋಗುತ್ತಿತ್ತು. ಆರು ವರ್ಷಕ್ಕೆ ಊರಿನ ಮೂರು ಬೋರುಗಳ ನೀರೂ ಮೂಗು ಹಿಡಿದುಕೊಂಡು ಕುಡಿಯುವ ಹಾಗಾಯಿತು. ಪಂಚಾಯಿತಿಯವರು ತಂದಿಟ್ಟ ಫಿಲ್ಟರ್ ನೀರಿನ ಯಂತ್ರ ಕೆಟ್ಟು ವರ್ಷವಾಗಿತ್ತು. ಮಗಳು ರಂಜಿತಳಿಗೆ ಇಪ್ಪತ್ತಾರಕ್ಕೇ ಕಿಡ್ನಿ ಕೈಕೊಟ್ಟಿತು. ನೀರಿನಿಂದಲೇ ಎಂದು ಡಾಕ್ಟರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಅದೇ ಬೀದಿಯಲ್ಲಿ ಇನ್ನೂ ನಾಲ್ಕು ಮನೆಗಳಲ್ಲಿ ಅದೇ ಪಾಡು. ಗುಂಡಿ ಮುಚ್ಚಿಸಬೇಕು. ಮುನಿವೆಂಕಟಮ್ಮನಿಗೆ ಬೇಕಾಗಿದ್ದದ್ದು ಅದೊಂದೇ.

ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆದ ಮೇಲೆ ಸರ್ಕಾರದಿಂದ ನೀರಿನ ಪರೀಕ್ಷೆಗೆ ಅಪ್ಪಣೆಯಾಯಿತು. ನಾಲ್ಕು ಬೋರುಗಳ ನೀರು, ಮೂರು ತಿಂಗಳ ಅಂತರದಲ್ಲಿ ಎರಡು ಸಲ. ಊರಿನ ಮೂರು ಬೋರು, ನಾಲ್ಕನೆಯದು ಅವಳದು. ಅವಳದೇ ಯಾಕೆ ಎಂದು ಅವಳು ಕೇಳಲಿಲ್ಲ. ಅರ್ಜಿಯಲ್ಲಿ ಮೊದಲ ಹೆಬ್ಬೆಟ್ಟು ತನ್ನದು, ಅದಕ್ಕೇ ಇರಬೇಕು ಎಂದುಕೊಂಡಳು.

ನೀರು ಹಿಡಿಯಲು ಬಂದವರು ದೊಡ್ಡಬಳ್ಳಾಪುರದ ನಜೀಬುಲ್ಲಾ. ಲ್ಯಾಬಿನಲ್ಲಿ ಕೆಲಸ ಮಾಡುತ್ತಲೇ ತಲೆ ನರೆತ ಮನುಷ್ಯ. ಮೊದಲ ಸಲ ಅರ್ಧ ಗಂಟೆ ಮೋಟರ್ ಓಡಿಸಿ, ಹಳೆ ನೀರೆಲ್ಲ ಹೋದ ಮೇಲೆ ಬಾಟಲಿ ತುಂಬಿ ಮೂಸಿ ನೋಡಿದರು. ಮುಖ ಅರಳಿತು.

“ಒಳ್ಳೇ ನೀರು ಕಣಮ್ಮ. ಈ ಬೋರನ್ನ ಹುಷಾರಾಗಿ ನೋಡ್ಕೊಳ್ಳಿ. ಯಾರನ್ನೂ ಹತ್ರ ಬಿಡ್ಬೇಡಿ.”

“ಊರಿನ ನೀರು ಹೆಂಗೈತೆ ಸಾಹೇಬ್ರೇ?”

“ಎರಡನೇ ಸಲ ಆಗೋವರ್ಗೂ ನಾನು ಬಾಯಿ ಬಿಡೋ ಹಾಗಿಲ್ಲಮ್ಮ.”

ಅವಳಿಗೆ ಅನುಮಾನ ಹೊಕ್ಕಿತು. ಒಳ್ಳೆಯ ನೀರು ಸಿಕ್ಕಿದರೆ ಈ ಮನುಷ್ಯನಿಗೇಕೆ ಇಷ್ಟು ಖುಷಿ? ಕಂಪನಿಯವರ ಉಪ್ಪು ತಿಂದಿರಬೇಕು. ನಾಲ್ಕರಲ್ಲಿ ಒಂದು ಚೆನ್ನಾಗಿದೆ ಎಂದು ಬರೆದರೆ ಸಾಕು, ಕಂಪನಿಯ ವಕೀಲರು ಅದನ್ನೇ ಹಿಡಿದುಕೊಂಡು ಕೂರುತ್ತಾರೆ. ಗುಂಡಿಯ ಪಕ್ಕದಲ್ಲೇ ನೀರು ಎಳನೀರಿನಂತಿದೆ ನೋಡಿ, ಊರಿನವರದೆಲ್ಲ ಸುಳ್ಳು ಎನ್ನುತ್ತಾರೆ. ಹಾಗಾಗಲು ಅವಳು ಬಿಡುವವಳಲ್ಲ. ಎರಡನೇ ಪರೀಕ್ಷೆ ಹತ್ತಿರ ಬಂದಾಗ ಬಕೆಟ್ಟು ಹಿಡಿದಳು.

ಸುಲಭದ ಕೆಲಸವೇನೂ ಆಗಿರಲಿಲ್ಲ. ಗಂಡ ಬದುಕಿದ್ದಾಗ ಎರಡು ಕಡೆ ಕೊರೆಸಿ ಸೋತು, ಮೂರನೆಯದರಲ್ಲಿ ನೀರು ಕಂಡು ಕುಣಿದಾಡಿದ ಬೋರು ಅದು. ರಂಜಿತ ಈಗ ಕುಡಿಯುತ್ತಿದ್ದದ್ದು ಅದೊಂದರ ನೀರನ್ನೇ. ಮೊದಲ ಬಕೆಟ್ಟು ಸುರಿದ ದಿನ ಮುನಿವೆಂಕಟಮ್ಮ ಬದುವಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಒಂದು ಬೋರು ಹೋದರೆ ಹೋಗಲಿ, ಊರು ಉಳಿದೀತು ಎಂದು ತನಗೆ ತಾನೇ ಹೇಳಿಕೊಂಡಳು. ಅವತ್ತಿನಿಂದ ಮನೆಗೆ ಕ್ಯಾನ್ ನೀರು ಬಂತು.

“ಯಾಕಮ್ಮ, ಹೊಲದ ನೀರು ತರೋದೇ ಬಿಟ್ಬಿಟ್ಟೆ?” ಎಂದು ರಂಜಿತ ಕೇಳಿದಳು.

“ಮೋಟ್ರು ಸುಟ್ಟೋಗೈತೆ ಕಣೇ.”

ಒಂಬತ್ತನೇ ದಿನ ನಜೀಬುಲ್ಲಾ ಬಂದರು. ಅರ್ಧ ಗಂಟೆ ಮೋಟರ್ ಓಡಿಸಿದರು. ಬಾಟಲಿ ತುಂಬಿ ಮೂಸಿದರು. ಚೆಲ್ಲಿ ಮತ್ತೆ ಒಂದು ಗಂಟೆ ಓಡಿಸಿದರು, ಮತ್ತೆ ಮೂಸಿದರು. ಆಮೇಲೆ ಅಲ್ಲೇ ಕುಕ್ಕರಿಸಿದರು.

“ಏನಾಯ್ತಮ್ಮ ಇದು?”

“ನನ್ನೇನು ಕೇಳ್ತೀರಿ? ಗುಂಡಿಯೋರನ್ನ ಕೇಳಿ. ಇದ್ದಿದ್ದನ್ನ ಇದ್ದಂಗೇ ಬರೀತೀರಿ ತಾನೇ?”

“ಬರೀಲೇಬೇಕು. ನಾನು ಈ ಬೋರನ್ನೇ ನಂಬ್ಕೊಂಡಿದ್ದೆ.”

“ನಂಬ್ಕೊಂಡಿದ್ರಿ ಅಂತ ನಂಗೂ ಗೊತ್ತು ಬಿಡಿ ಸಾಹೇಬ್ರೇ.”

ಅವರು ಅವಳ ಮುಖ ನೋಡದೆ ಬಾಟಲಿಗೆ ಸೀಲು ಹಾಕಿದರು. ಸಿಕ್ಕಿಬಿದ್ದ ಕಳ್ಳ ಹೀಗೇ ಮುಖ ತಪ್ಪಿಸುವುದು ಎಂದುಕೊಂಡು, ಅವಳು ಸಾಕ್ಷಿಯ ಜಾಗದಲ್ಲಿ ಹೆಬ್ಬೆಟ್ಟನ್ನು ಗಟ್ಟಿಯಾಗಿ ಒತ್ತಿದಳು.

ತಿಂಗಳ ಮೇಲೆ ಆದೇಶ ಬಂತು. ನೆಲಮಂಗಲದಲ್ಲಿ ಡಯಾಲಿಸಿಸ್ ಮುಗಿಸಿ ಬರುವಾಗ ರಂಜಿತ ಪಂಚಾಯಿತಿಯಿಂದ ಅದರ ನಕಲು ತಂದಳು. ತೋಳಿನ ಮೇಲಿನ ಹತ್ತಿಯನ್ನೂ ತೆಗೆಯದೆ ಜಗುಲಿಯ ಮೇಲೆ ಕೂತು ಓದತೊಡಗಿದಳು.

“ಊರಿನ ಮೂರು ಬೋರಲ್ಲೂ ವಿಷ ಇದೆಯಂತಮ್ಮ.”

“ನಾನು ಹೇಳ್ಲಿಲ್ವಾ!”

“ನಮ್ಮದ್ರಲ್ಲೂ ಇದೆಯಂತೆ! ಅದ್ಹೇಗಮ್ಮ?”

“ಇರ್ಲಿ ಬಿಡು. ಯಾವತ್ತು ಮುಚ್ತಾರಂತೆ, ಅದನ್ನ ಓದು.”

ರಂಜಿತ ಹಾಳೆ ತಿರುವಿದಳು. ಕೊನೆಯ ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ನಿಧಾನವಾಗಿ, ಗಟ್ಟಿಯಾಗಿ ಓದಿದಳು.

“‘ತ್ಯಾಜ್ಯ ಘಟಕಕ್ಕಿಂತ ಮೇಲಿದ್ದು, ಅದರ ಸೋರಿಕೆ ತಾಗಲಾರದ ನಾಲ್ಕನೇ ಬೋರಿನ ನೀರಿಗೆ ಕೆಳಗಿನ ಮೂರನ್ನೂ ಹೋಲಿಸಿ ನೋಡುವುದು ನಿಯಮ. ಈಗ ನಾಲ್ಕರಲ್ಲೂ ಒಂದೇ ವಿಷ ಕಂಡಿರುವುದರಿಂದ ದೋಷ ಘಟಕದ್ದಲ್ಲ, ಈ ನೆಲದ್ದೇ ಎಂದು ತೀರ್ಮಾನಿಸಲಾಗಿದೆ.

“‘ಮೊದಲ ಸಲ ಆ ನಾಲ್ಕನೇ ಬೋರೊಂದೇ ಶುದ್ಧವಾಗಿದ್ದುದರಿಂದ ಘಟಕವನ್ನು ಮುಚ್ಚಲು ಸಿದ್ಧಪಡಿಸಿದ್ದ ಆದೇಶವನ್ನು ಈ ಮೂಲಕ ರದ್ದುಪಡಿಸಲಾಗಿದೆ.’”